ಖಾತೆಗೆ ಸಿಗದ ದ್ರೋಹ

ಮದುವೆಯಾದ ಹೆಣ್ಣು ಪರಪುರುಷನಿಗೆ ಮನಸೋತಳೆಂದರೆ ಎಷ್ಟೋ ಸಿನಿಮಾಗಳು ಅವಳಿಗೆ ವಿಷ ಕುಡಿಸಿ ಕಥೆ ಮುಗಿಸುತ್ತವೆ. ಇದು ಯಾವ ನ್ಯಾಯವೆಂದು ನಾವು ಕೇಳುತ್ತೇವೆ.

ರವೀಂದ್ರನಾಥ ಠಾಕೂರರ 1901ರ 'ನಷ್ಟನೀಡ' ಕಥೆಯಿಂದ ಸತ್ಯಜಿತ್ ರಾಯ್ 1964ರಲ್ಲಿ ತೆಗೆದ ಬಂಗಾಳಿ ಚಿತ್ರ 'ಚಾರುಲತಾ' ಬೇರೆ ದಾರಿ ಹಿಡಿಯಿತು. ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯ ಭೂಪತಿ ಸ್ವಂತ ಹಣ ಹಾಕಿ ರಾಜಕೀಯ ಪತ್ರಿಕೆ ನಡೆಸುತ್ತಾನೆ. ಸಜ್ಜನ, ಆದರೆ ಹೆಂಡತಿ ಚಾರುವಿನೊಡನೆ ಕೂತು ಮಾತಾಡಲು ಬಿಡುವಿಲ್ಲ. ಅವಳ ಮನಸ್ಸು ಅವನ ತಮ್ಮನ ವರಸೆಯ ಅಮಲನ ಕಡೆ ಒಲಿಯುತ್ತದೆ. ಅತ್ತ ನಂಬಿದ ಭಾವಮೈದುನನೇ ಪತ್ರಿಕೆಯ ಹಣ ನುಂಗಿ ಪರಾರಿಯಾಗುತ್ತಾನೆ. ಅಣ್ಣನಿಗೆ ಇನ್ನೊಂದು ದ್ರೋಹ ಬೇಡವೆಂದು ಅಮಲ ರಾತ್ರೋರಾತ್ರಿ ಮನೆ ಬಿಡುತ್ತಾನೆ.

ಹಣದ ಮೋಸ ಖಾತೆ ಪುಸ್ತಕದಲ್ಲಿ ಸಿಕ್ಕಿಬೀಳುತ್ತದೆ. ಗಂಡನ ಅಲಕ್ಷ್ಯವನ್ನು ಯಾವ ಪುಸ್ತಕದಲ್ಲಿ ಬರೆಯುವುದು? ರಾಯ್ ಚಾರುವನ್ನು ಕೊಲ್ಲಲಿಲ್ಲ, ಭೂಪತಿಯನ್ನು ಹಳಿಯಲೂ ಇಲ್ಲ. ಕೊನೆಯಲ್ಲಿ ಇಬ್ಬರೂ ಚಾಚಿದ ಕೈಗಳು ಸೇರುವ ಮೊದಲೇ ಚಿತ್ರ ನಿಲ್ಲುತ್ತದೆ.

ಸಭೆಯಲ್ಲಿ ಸಮಾನತೆ ಸಾರಿ ಮನೆಯಲ್ಲಿ ಹೆಂಡತಿಯ ಮಾತಿಗೆ ಕಿವಿಗೊಡದ ಕಾರ್ಯಕರ್ತರೂ, ಗಲ್ಲಾಪೆಟ್ಟಿಗೆ ಬಿಟ್ಟೇಳದ ವರ್ತಕ ಬಂಧುಗಳೂ ಇದನ್ನು ನೋಡಬೇಕು. ದಾಂಪತ್ಯದ ಪ್ರಾಮಾಣಿಕತೆ ಹೆಣ್ಣೊಬ್ಬಳೇ ತೀರಿಸಬೇಕಾದ ಸಾಲವಲ್ಲ.