ನಗಿಸಿದ ಕೊರೊನಾ ವಿಡಿಯೋಗಳು ಕೈ ತೊಳೆಸಿದವೇ?

2020ರ ಮಾರ್ಚ್‌ನಲ್ಲಿ ಕೇರಳ ಪೊಲೀಸರು ಮಾಸ್ಕ್ ಹಾಕಿಕೊಂಡು ಸಿನಿಮಾ ಹಾಡಿಗೆ ಕುಣಿಯುತ್ತ ಕೈ ತೊಳೆಯುವ ಕ್ರಮ ತೋರಿಸಿದ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಏಪ್ರಿಲ್‌ನಲ್ಲಿ 'ಫ್ಯಾಮಿಲಿ' ಎಂಬ ಕಿರುಚಿತ್ರ ಬಂತು. ಅಮಿತಾಭ್ ಬಚ್ಚನ್ ಅವರ ಕಳೆದುಹೋದ ತಂಪು ಕನ್ನಡಕವನ್ನು ರಜನಿಕಾಂತ್, ಶಿವರಾಜ್‌ಕುಮಾರ್ ಮುಂತಾದವರು ಹುಡುಕುತ್ತಾರೆ. ಎಲ್ಲರೂ ಒಂದೇ ಮನೆಯಲ್ಲಿದ್ದಂತೆ ಕಂಡರೂ ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲೇ ಚಿತ್ರೀಕರಿಸಿದ್ದು ಎಂದು ಕೊನೆಗೆ ತಿಳಿಯುತ್ತದೆ. ಜನ ನಕ್ಕರು, ಫಾರ್ವರ್ಡ್ ಮಾಡಿದರು. ನಡವಳಿಕೆ ಬದಲಾಯಿತೇ?

ಮನರಂಜನೆಯೊಳಗೆ ಬುದ್ಧಿಮಾತು ಇಡುವುದು ಮುರಗೋಡ, ಬೈಲಹೊಂಗಲದ ಕಡೆಯವರಿಗೆ ಹೊಸದಲ್ಲ. ಬೈಲಹೊಂಗಲದಲ್ಲೇ ನಡೆದದ್ದು ಎನ್ನಲಾಗುವ 'ಸಂಗ್ಯಾ ಬಾಳ್ಯಾ' ಸಣ್ಣಾಟದ ಕಥೆ ಮೊದಲೇ ಗೊತ್ತಿದ್ದರೂ ಜನ ಕೂತು ನೋಡುತ್ತಾರೆ. ಆದರೆ ನೋಡುವುದು ಬೇರೆ, ನೋಡಿದಂತೆ ನಡೆಯುವುದು ಬೇರೆ.

ಇದನ್ನು ಅಳೆದವರಿದ್ದಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾಯಾ ಆಡಂ 2020ರಲ್ಲಿ ಮಾತಿಲ್ಲದ ಒಂದು ಅನಿಮೇಷನ್ ವಿಡಿಯೋ ಮಾಡಿದರು. ಐದು ದೇಶಗಳ 15 ಸಾವಿರಕ್ಕೂ ಹೆಚ್ಚು ಜನರಲ್ಲಿ ಅದರ ಪರಿಣಾಮ ಪರೀಕ್ಷಿಸಲಾಯಿತು. ಕೊರೊನಾ ತಿಳಿವಳಿಕೆಯಲ್ಲಿ ನೋಡಿದವರೂ ನೋಡದವರೂ 18ಕ್ಕೆ ಸುಮಾರು 17 ಅಂಕ ಪಡೆದರು. ನೋಡಿದವರದು ಕೂದಲೆಳೆಯಷ್ಟು ಹೆಚ್ಚು. ಜನರಿಗೆ ವಿಷಯ ಮೊದಲೇ ಗೊತ್ತಿತ್ತು. ಕೊರತೆ ಇದ್ದದ್ದು ಬೇರೆಲ್ಲೋ.

ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಪಶ್ಚಿಮ ಬಂಗಾಳ. 2020ರ ಮೇ ತಿಂಗಳಲ್ಲಿ ಅಲ್ಲಿ ಸುಮಾರು 2.5 ಕೋಟಿ ಜನರಿಗೆ ಎಸ್‌ಎಂಎಸ್‌ನಲ್ಲಿ ವಿಡಿಯೋ ಲಿಂಕ್ ಹೋಯಿತು. ಅದರಲ್ಲಿ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಬಂಗಾಳಿಯಲ್ಲಿ ಎರಡೂವರೆ ನಿಮಿಷ ಮಾತಾಡಿದ್ದರು. ಕುಣಿತವಿಲ್ಲ, ತಮಾಷೆಯಿಲ್ಲ. ಆದರೂ ಆರೋಗ್ಯ ಕಾರ್ಯಕರ್ತೆಯರಿಗೆ ರೋಗಲಕ್ಷಣ ತಿಳಿಸುವುದು ಎರಡುಪಟ್ಟಾಯಿತು. ಊರು ಬಿಟ್ಟು ಓಡಾಡುವುದು ಶೇ. 20ರಷ್ಟು ಇಳಿಯಿತು, ಕೈ ತೊಳೆಯುವುದು ಶೇ. 7ರಷ್ಟು ಏರಿತು. ವಿಡಿಯೋ ಬರದ ಅಕ್ಕಪಕ್ಕದವರಲ್ಲೂ ಬದಲಾವಣೆ ಕಂಡಿತು. ಮಾತು ಬಾಯಿಂದ ಬಾಯಿಗೆ ಹರಡಿರಬೇಕು.

ನಮ್ಮ ಊಹೆ ಇಷ್ಟು: ನಗು ವಿಡಿಯೋವನ್ನು ಮನೆಬಾಗಿಲವರೆಗೆ ತರುತ್ತದೆ. ಒಳಗೆ ಕರೆಸಿಕೊಳ್ಳುವುದು ಗೊತ್ತಿರುವ ಮುಖ, ತನ್ನದೇ ಭಾಷೆ, ಇವತ್ತೇ ಮಾಡಬಹುದಾದ ಒಂದು ಕೆಲಸ.

ತೊಡಕು ಇರುವುದೂ ಇಲ್ಲೇ. ಸುಳ್ಳಿಗೂ ಇದೇ ಮೂರು ಸಾಕು. 2021ರ ಏಪ್ರಿಲ್‌ನಲ್ಲಿ, ಎರಡನೇ ಅಲೆಯಲ್ಲಿ ಜನ ಆಕ್ಸಿಜನ್‌ಗಾಗಿ ಅಲೆಯುತ್ತಿದ್ದಾಗ, ಮೂಗಿಗೆ ಲಿಂಬೆರಸ ಬಿಟ್ಟುಕೊಂಡರೆ ಆಕ್ಸಿಜನ್ ಮಟ್ಟ ಏರುತ್ತದೆ ಎಂಬ ವಿಡಿಯೋ ಉತ್ತರ ಕರ್ನಾಟಕದಲ್ಲಿ ಹರಿದಾಡಿತು. ಹೇಳಿದವರು ಎಲ್ಲರಿಗೂ ಪರಿಚಿತರು, ಭಾಷೆ ನಮ್ಮದೇ, ಲಿಂಬೆಹಣ್ಣು ಮನೆಯಲ್ಲೇ ಇತ್ತು. ಅದು ಸುಳ್ಳೆಂದು ಕೇಂದ್ರ ಸರ್ಕಾರದ ಪಿಐಬಿ ಸ್ಪಷ್ಟಪಡಿಸಿತು. ಲಿಂಬೆಯ ಹುಳಿ ಮೂಗಿನ ಒಳಪದರವನ್ನು ಸುಡುತ್ತದೆ. ರಕ್ತದ ಆಕ್ಸಿಜನ್ ಅದರಿಂದ ಏರುವುದಿಲ್ಲ. ಅದನ್ನು ನಂಬಿ ಆಸ್ಪತ್ರೆಗೆ ತಡವಾಗಿ ಹೋದರೆ ಪ್ರಾಣಕ್ಕೇ ಕುತ್ತು.

ನಗು ಯಾರ ಮೇಲೆ ಎಂಬುದನ್ನೂ ಗಮನಿಸಿ. ಲಾಕ್‌ಡೌನ್‌ನಲ್ಲಿ ಹೊರಬಂದವರಿಂದ ಪೊಲೀಸರು ಬಸ್ಕಿ ಹೊಡೆಸುವ ವಿಡಿಯೋಗಳೂ ತಮಾಷೆಯಾಗಿಯೇ ಹಂಚಿಕೆಯಾದವು. ಕೆಮ್ಮುವವನನ್ನು ನೋಡಿ ಊರೇ ಓಡುವ ಹಾಸ್ಯ ನೋಡಿದವನು ನಾಳೆ ತನಗೆ ಜ್ವರ ಬಂದರೆ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ಹೇಳುವನೇ? ನಾವಾದರೆ ಅಂಥದ್ದನ್ನು ಫಾರ್ವರ್ಡ್ ಮಾಡುವುದಿಲ್ಲ.

ಇನ್ನು, ನಳಕ್ಕೆ ವಾರಕ್ಕೊಮ್ಮೆ ನೀರು ಬರುವ ಓಣಿಗೆ, ತೆರೆದಿಟ್ಟ ನಲ್ಲಿಯ ಕೆಳಗೆ ಇಪ್ಪತ್ತು ಸೆಕೆಂಡ್ ಕೈ ತೊಳೆಯುವ ಕುಣಿತಕ್ಕಿಂತ ಒಂದು ತಂಬಿಗೆ ನೀರಲ್ಲಿ ಇಬ್ಬರು ಸೋಪು ಹಚ್ಚಿ ತೊಳೆಯುವುದು ಹೇಗೆಂದು ತೋರಿಸುವ ವಿಡಿಯೋ ಬೇಕು.