‘ಕ್ಲೋಸ್ ಟು ದಿ ಎಡ್ಜ್’ ಆದ ಮೇಲೆ ಯಾವುದು?

ಇಂಗ್ಲೆಂಡಿನ ‘ಯೆಸ್’ ರಾಕ್ ತಂಡದ ರುಚಿ ಅನೇಕರಿಗೆ ಹತ್ತುವುದು 1972ರ ‘ಕ್ಲೋಸ್ ಟು ದಿ ಎಡ್ಜ್’ ಆಲ್ಬಂನಿಂದ. ಅದನ್ನು ಮನಸಾರೆ ಕೇಳಿ ಮುಗಿಸಿದವರಿಗೆ ಮುಂದೇನು ಕೊಳ್ಳುವುದೆಂಬ ಗೊಂದಲ ಶುರುವಾಗುತ್ತದೆ. ಎಲ್ಲವೂ ಫೋನಿನಲ್ಲೇ ಸಿಗುವ ಕಾಲದಲ್ಲಿ ಇದೊಂದು ಪ್ರಶ್ನೆಯೇ ಎಂದು ಕೇಳಬಹುದು. ಆದರೆ ಆಮದಾಗಿ ಬರುವ ಎಲ್‌ಪಿ ಅಗ್ಗದ ವಸ್ತುವಲ್ಲ. ಈ ಸಂಗೀತವೂ ಮೊದಲ ಕೇಳ್ವಿಕೆಗೆ ಒಲಿಯುವಂಥದ್ದಲ್ಲ. ಆದ್ದರಿಂದ ಆಯ್ಕೆಯಲ್ಲಿ ಸ್ವಲ್ಪ ವಿವೇಚನೆ ಇದ್ದರೆ ಒಳ್ಳೆಯದು.

ಸಾಮಾನ್ಯವಾಗಿ ಜನ ಬಿಡುಗಡೆಯ ವರ್ಷ ನೋಡಿ ಸಾಲಾಗಿ ಕೊಳ್ಳುತ್ತಾರೆ, ಇಲ್ಲವೇ ಹೆಚ್ಚು ಹೆಸರು ಮಾಡಿದ್ದನ್ನು ಆರಿಸುತ್ತಾರೆ. ಯೆಸ್ ವಿಷಯದಲ್ಲಿ ಈ ಎರಡೂ ದಾರಿ ಕೈಕೊಡುತ್ತವೆ. ಏಕೆಂದರೆ ಹೆಸರು ಒಂದೇ ಇದ್ದರೂ ಒಳಗಿನ ಕಲಾವಿದರು ಬದಲಾಗುತ್ತಲೇ ಇದ್ದರು. ಸಂಗೀತ ಕಛೇರಿಗೆ ಹೋಗುವ ಮುನ್ನ ಪಕ್ಕವಾದ್ಯ ಯಾರದು ಎಂದು ವಿಚಾರಿಸುವ ರಸಿಕರ ಜಾಣ್ಮೆ ಇಲ್ಲೂ ಬೇಕು.

ಮೊದಲು ಮೆಚ್ಚಿದ ಆಲ್ಬಂ ಹೇಗೆ ಕಟ್ಟಲ್ಪಟ್ಟಿದೆ ಎಂದು ನೋಡೋಣ. ಅದು ಸೇರುವುದು ಪ್ರೊಗ್ರೆಸಿವ್ ರಾಕ್ ಪ್ರಕಾರಕ್ಕೆ. ಹಾಗೆಂದರೆ, ಮೂರು ನಿಮಿಷದ ಹಾಡಿನ ಚೌಕಟ್ಟನ್ನು ದಾಟಿ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಂತೆ ಹಲವು ಭಾಗಗಳ ದೀರ್ಘ ರಚನೆಗೆ ಕೈಹಾಕಿದ ರಾಕ್. ಅದರ ಅಳತೆಗೋಲು ಎಲ್‌ಪಿ ತಟ್ಟೆಯ ಒಂದು ಬದಿ. ಒಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ತುರುಕಿದಷ್ಟೂ ಗೀರುಗಳು ಒತ್ತೊತ್ತಾಗಿ, ಧ್ವನಿಯ ಮಟ್ಟವನ್ನು ತಗ್ಗಿಸಬೇಕಾಗುತ್ತದೆ. ‘ಕ್ಲೋಸ್ ಟು ದಿ ಎಡ್ಜ್’ನ ಮೊದಲ ಬದಿಯಲ್ಲಿ ಇರುವುದು ಹದಿನೆಂಟು ನಿಮಿಷ ಮೀರಿದ ಒಂದೇ ರಚನೆ, ಎರಡನೆಯ ಬದಿಯಲ್ಲಿ ಒಂಬತ್ತು–ಹತ್ತು ನಿಮಿಷಗಳ ಎರಡು. ದೀರ್ಘ ರಚನೆಯನ್ನು ಒಂದೇ ಉಸಿರಿಗೆ ನುಡಿಸಿದ್ದೂ ಅಲ್ಲ. ಲಂಡನ್ನಿನ ಅಡ್ವಿಷನ್ ಸ್ಟುಡಿಯೊದಲ್ಲಿ ತುಣುಕು ತುಣುಕಾಗಿ ಧ್ವನಿಮುದ್ರಿಸಿ, ಎಂಜಿನಿಯರ್ ಎಡ್ಡಿ ಆಫರ್ಡ್ ಟೇಪನ್ನು ಕತ್ತರಿಸಿ ಅಂಟಿಸಿ ಜೋಡಿಸಿದರು.

ನುಡಿಸಿದ ಐವರಲ್ಲಿ ಇಬ್ಬರನ್ನು ವಿಶೇಷವಾಗಿ ಗಮನಿಸಬೇಕು. ಡ್ರಮ್ಸ್ ಬಿಲ್ ಬ್ರೂಫರ್ಡ್ ಅವರದು. ಜಾಝ್ ಒಲವಿನ, ಚುರುಕಾದ, ಎಲ್ಲಿ ಪೆಟ್ಟು ಬೀಳುತ್ತದೆಂದು ಊಹಿಸಲಾಗದ ಕೈ. ಕೀಬೋರ್ಡ್ ರಿಕ್ ವೇಕ್‌ಮನ್ ಅವರದು. ಅವರ ವಾದ್ಯಗಳಲ್ಲಿ ಮೆಲೊಟ್ರಾನ್ ಎಂಬುದೊಂದು; ಅದರ ಪ್ರತಿ ಮನೆಯ ಕೆಳಗೂ ಪಿಟೀಲು ಅಥವಾ ಮೇಳಗಾಯನ ಮುದ್ರಿಸಿದ ಟೇಪಿನ ತುಂಡು ಇರುತ್ತದೆ, ಒತ್ತಿದರೆ ಓಡುತ್ತದೆ. ಆಲ್ಬಂ ಮುಗಿದದ್ದೇ ತಡ, ಬ್ರೂಫರ್ಡ್ ಕಿಂಗ್ ಕ್ರಿಮ್ಸನ್ ತಂಡಕ್ಕೆ ಹೊರಟುಹೋದರು. ಅವರ ಜಾಗಕ್ಕೆ ಜಾನ್ ಲೆನನ್ ಜತೆ ನುಡಿಸಿದ್ದ ಅಲನ್ ವೈಟ್ ಬಂದರು. ವೈಟ್ ಅವರ ಪೆಟ್ಟು ಹೆಚ್ಚು ತೂಕದ್ದು, ನೇರವಾದದ್ದು.

ಒಂದು ಹೆಜ್ಜೆ ಹಿಂದೆ ಹೋದರೆ 1971ರ ‘ಫ್ರಜೈಲ್’ ಸಿಗುತ್ತದೆ. ಅದೇ ಐವರು. ತಂಡದ ಪ್ರಸಿದ್ಧ ಹಾಡು ‘ರೌಂಡಬೌಟ್’ ಇರುವುದು ಇದರಲ್ಲೇ. ಆದರೆ ಒಂಬತ್ತು ರಚನೆಗಳಲ್ಲಿ ತಂಡದ್ದು ನಾಲ್ಕೇ. ಉಳಿದ ಐದು ಒಬ್ಬೊಬ್ಬರ ಸ್ವಂತ ಚಿಕ್ಕ ಪ್ರಯೋಗಗಳು. ಚೆಲುವಾದ ಆಲ್ಬಂ ಹೌದು, ಆದರೆ ದೀರ್ಘ ಕಟ್ಟಡಕ್ಕೆ ಮಾರುಹೋದವರಿಗೆ ಚದುರಿದಂತೆ ಕಾಣಬಹುದು.

ಮುಂದಿನ ಹೆಜ್ಜೆ 1973ರ ಕೊನೆಯ ‘ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಶನ್ಸ್’. ನಮ್ಮ ಓದುಗರಿಗೆ ಆಸೆ ಹುಟ್ಟಿಸುವುದು ಇದೇ. ಗಾಯಕ ಜಾನ್ ಆಂಡರ್ಸನ್, ಬ್ರೂಫರ್ಡ್ ಮದುವೆಯಲ್ಲಿ ಭೇಟಿಯಾದ ತಾಳವಾದ್ಯಗಾರ ಜೇಮಿ ಮ್ಯೂರ್ ಅವರಿಂದ ಪರಮಹಂಸ ಯೋಗಾನಂದರ ‘ಆಟೊಬಯಾಗ್ರಫಿ ಆಫ್ ಎ ಯೋಗಿ’ ಪುಸ್ತಕದ ವಿಷಯ ತಿಳಿದರು. ಅದರ ಒಂದು ಅಡಿಟಿಪ್ಪಣಿಯಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ನಾಲ್ಕು ಬಗೆಯ ಶಾಸ್ತ್ರಗಳ ವಿವರಣೆ ಇದೆ. ಅದನ್ನೇ ಹಿಡಿದು ಎರಡು ಎಲ್‌ಪಿ, ನಾಲ್ಕು ಬದಿ, ನಾಲ್ಕು ರಚನೆ! ಒಟ್ಟು ಎಂಬತ್ತು ನಿಮಿಷ ದಾಟುತ್ತದೆ. ಹಾಗೆಂದು ರಾಗವನ್ನೋ ತಬಲಾವನ್ನೋ ನಿರೀಕ್ಷಿಸಬಾರದು. ಪ್ರೇರಣೆ ಮಾತ್ರ ಇಲ್ಲಿಯದು, ಸಂಗೀತ ಪೂರ್ತಿ ಇಂಗ್ಲಿಷ್ ರಾಕ್. ಬದಿಗೊಂದರಂತೆ ನಾಲ್ಕೂ ತುಂಬಲೇಬೇಕಾದ್ದರಿಂದ ಕೆಲವೆಡೆ ಎಳೆದದ್ದು ಗೊತ್ತಾಗುತ್ತದೆ. ವೇಕ್‌ಮನ್‌ಗೇ ಇದು ಹಿಡಿಸಲಿಲ್ಲ. ಮ್ಯಾಂಚೆಸ್ಟರ್‌ನ ಕಾರ್ಯಕ್ರಮವೊಂದರಲ್ಲಿ ಕೀಬೋರ್ಡ್ ಹಿಂದೆಯೇ ಕೂತು ಕರಿ ತಿಂದೆ ಎಂದು ಅವರೇ ಹೇಳಿಕೊಂಡಿದ್ದಾರೆ. ನಮ್ಮ ಶಾಸ್ತ್ರಗಳ ಸಂಗೀತಕ್ಕೆ ನಮ್ಮ ಕಡೆಯ ಊಟ. ಅವರನ್ನು ತೀರಾ ದೂರುವಂತಿಲ್ಲ. ಮರುವರ್ಷ ತಂಡ ಬಿಟ್ಟರು.

ಹಾಗೆ ತೆರವಾದ ಜಾಗಕ್ಕೆ ಬಂದವರು ಸ್ವಿಟ್ಜರ್ಲೆಂಡಿನ ಪ್ಯಾಟ್ರಿಕ್ ಮೊರಾಜ್. ಅವರಿದ್ದ ಒಂದೇ ಸ್ಟುಡಿಯೊ ಆಲ್ಬಂ 1974ರ ‘ರಿಲೇಯರ್’. ಇದರ ನಕ್ಷೆ ಗಮನಿಸಿ: ಮೊದಲ ಬದಿಗೆ ಇಪ್ಪತ್ತೆರಡು ನಿಮಿಷದ ‘ದಿ ಗೇಟ್ಸ್ ಆಫ್ ಡಿಲೀರಿಯಂ’, ಎರಡನೆಯದಕ್ಕೆ ಒಂಬತ್ತು ನಿಮಿಷ ಮೀರಿದ ಎರಡು ರಚನೆಗಳು. ‘ಕ್ಲೋಸ್ ಟು ದಿ ಎಡ್ಜ್’ನ ಅಚ್ಚೇ. ಆದರೆ ಅಲ್ಲಿ ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಕಾದಂಬರಿಯ ಪ್ರೇರಣೆಯಿದ್ದರೆ ಇಲ್ಲಿ ಟಾಲ್‌ಸ್ಟಾಯ್‌ನ ‘ವಾರ್ ಅಂಡ್ ಪೀಸ್’. ನಡುವೆ ಯುದ್ಧದ ಕರ್ಕಶ ಗದ್ದಲ, ಅದು ಅಡಗಿದ ಮೇಲೆ ಒಂದು ಶಾಂತ ಗೀತೆ.

1977ರ ‘ಗೋಯಿಂಗ್ ಫಾರ್ ದಿ ಒನ್’ ಹೊತ್ತಿಗೆ ವೇಕ್‌ಮನ್ ಮರಳಿದರು. ಧ್ವನಿಮುದ್ರಣ ಸ್ವಿಟ್ಜರ್ಲೆಂಡಿನ ಮೊಂತ್ರೊದಲ್ಲಿ. ಹತ್ತಿರದ ವೆವೆ ಪಟ್ಟಣದ ಚರ್ಚಿನಲ್ಲಿ ಅವರು ಆರ್ಗನ್ ನುಡಿಸಿದರೆ ಧ್ವನಿ ಟೆಲಿಫೋನ್ ತಂತಿಯಲ್ಲಿ ಸ್ಟುಡಿಯೊಗೆ ಬರುತ್ತಿತ್ತು. ಹಾಡುಗಳು ಚಿಕ್ಕವಾಗಿವೆ, ಕೊನೆಯ ‘ಅವೇಕನ್’ ಮಾತ್ರ ಹದಿನೈದು ನಿಮಿಷ.

ಆವೃತ್ತಿಗಳ ಬಗ್ಗೆಯೂ ಒಂದು ಮಾತು. ಹಾಡುಗಾರಿಕೆ, ಗಿಟಾರ್, ಡ್ರಮ್ಸ್ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಮುದ್ರಣವಾಗಿ, ಆಮೇಲೆ ಹದವಾಗಿ ಬೆರೆತು ಎರಡಕ್ಕೆ ಇಳಿಯುತ್ತವೆ. ‘ರಿಮಾಸ್ಟರ್’ ಎಂದರೆ ಬೆರೆಸಿಯಾದ ಆ ಟೇಪನ್ನೇ ತಿದ್ದಿ ಚೊಕ್ಕ ಮಾಡುವುದು. ‘ರಿಮಿಕ್ಸ್’ ಎಂದರೆ ಬಿಡಿ ಟ್ರ್ಯಾಕ್‌ಗಳಿಗೇ ಹಿಂದಿರುಗಿ ಹೊಸದಾಗಿ ಬೆರೆಸುವುದು. ಸಂಗೀತಗಾರ ಸ್ಟೀವನ್ ವಿಲ್ಸನ್ 2013ರಿಂದ ಯೆಸ್‌ನ ಆ ಕಾಲದ ಹಲವು ಆಲ್ಬಂಗಳನ್ನು ರಿಮಿಕ್ಸ್ ಮಾಡಿದ್ದಾರೆ. ‘ರಿಲೇಯರ್’ನ ಸರದಿ ಬಂದದ್ದು 2014ರಲ್ಲಿ.

ನನ್ನನ್ನು ಕೇಳಿದರೆ ಮುಂದಿನದು ‘ರಿಲೇಯರ್’. ರಚನೆಯ ಅಚ್ಚು ಹಾಗೆಯೇ ಉಳಿದು ಡ್ರಮ್ಸ್, ಕೀಬೋರ್ಡ್ ಕೈಗಳು ಬದಲಾದಾಗ, ಮೊದಲು ಮೆಚ್ಚಿದ್ದರಲ್ಲಿ ಬ್ರೂಫರ್ಡ್ ಮತ್ತು ವೇಕ್‌ಮನ್ ಪಾಲು ಎಷ್ಟಿತ್ತು ಎಂಬುದು ಕಿವಿಗೇ ತಿಳಿಯುತ್ತದೆ. ಅವರನ್ನೇ ಕಳೆದುಕೊಂಡೆ ಅನ್ನಿಸಿದವರು ‘ಫ್ರಜೈಲ್’ಗೆ ಹಿಂದಿರುಗಲಿ, ವೇಕ್‌ಮನ್ ಒಬ್ಬರೇ ಸಾಕೆನ್ನುವವರು ‘ಗೋಯಿಂಗ್ ಫಾರ್ ದಿ ಒನ್’ ಕೊಳ್ಳಲಿ. ‘ಟೇಲ್ಸ್’ ಇವೆಲ್ಲದರ ನಂತರ ಸಾಕು, ಅದೂ ದಿನಕ್ಕೊಂದು ಬದಿಯಂತೆ.