ಕೆರೆಬದಿ ತೂತು ಕೊರೆಯಲು ಯಾರನ್ನು ಕೇಳಬೇಕು?

ಹಿಂದಿನ ವರ್ಷ ಕೊಳೆರೋಗಕ್ಕೆ ಕೊನೆಯ ಮದ್ದು ಬಿಟ್ಟು ಮುಗಿಸಿ, ಮಗಳ ಮನೆಗೆಂದು ಅಮೆರಿಕದ ಮಿನ್ನೆಸೋಟಾಕ್ಕೆ ಹೋಗಿದ್ದೆ. ಕೆರೆಗಳ ರಾಜ್ಯ ಅದು. 10 ಎಕ್ರೆಗಿಂತ ದೊಡ್ಡವೇ 11 ಸಾವಿರಕ್ಕೂ ಹೆಚ್ಚು. ಆಚೆಮನೆಯವರು ನನ್ನದೇ ಪ್ರಾಯ, ದನ ಸಾಕಿ ಜೀವನ ಮಾಡಿದವರು. ಅವರ ಅಂಗಳದಲ್ಲಿ, ಕೆರೆಯಿಂದ ಸುಮಾರು 150 ಅಡಿ ದೂರಕ್ಕೆ, ಬೋರಿನ ಗಾಡಿ ನಿಂತಿತ್ತು. ನೀರಿಗಲ್ಲ ಮಾರಾಯ್ರೆ, ಶಾಖಕ್ಕೆ!

ಅಲ್ಲಿ ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುವುದೂ ಉಂಟು. ಆದರೆ ಮೂವತ್ತಡಿ ಆಳದಲ್ಲಿ ಮಣ್ಣು ವರ್ಷವಿಡೀ 8-10 ಡಿಗ್ರಿಯಲ್ಲೇ ಇರುತ್ತದೆ. 200 ಅಡಿ ತೂತು ಕೊರೆದು ‘ಯು’ ಆಕಾರದ ಪ್ಲಾಸ್ಟಿಕ್ ಪೈಪು ಇಳಿಸುತ್ತಾರೆ. ಅದರೊಳಗೆ ಹೆಪ್ಪುಗಟ್ಟದ ದ್ರವ ಸುತ್ತುತ್ತಾ ಕೆಳಗಿನ ಶಾಖ ತರುತ್ತದೆ, ಹೀಟ್ ಪಂಪು ಅದನ್ನು ಹೆಚ್ಚಿಸಿ ಮನೆಗೆ ಕೊಡುತ್ತದೆ. ನಮ್ಮ ಫ್ರಿಜ್ಜಿನ ತಿರುಗುಮುರುಗು ಕೆಲಸ. 1 ಯೂನಿಟ್ ಕರೆಂಟಿಗೆ 3-4 ಯೂನಿಟ್ ಶಾಖ.

“ಇದಕ್ಕೆ ಕಾಗದ ಎಷ್ಟು ಗೊತ್ತುಂಟಾ?” ಅಂತ ಅವರ ದೂರು. ಕೊರೆಯುವವರಿಗೆ ರಾಜ್ಯದ ಆರೋಗ್ಯ ಇಲಾಖೆಯ ಲೈಸೆನ್ಸು ಬೇಕು, ತೂತಿಗೆ ಅದೇ ಇಲಾಖೆಯ ಪರವಾನಿಗೆ ಬೇಕು. ಮೇಲಿಂದ, ಕೆರೆಯಿಂದ 1,000 ಅಡಿಯೊಳಗಿನ ಜಾಗಕ್ಕೆ ಮಣ್ಣು ಅಗೆಯುವುದು, ಮರ ಕಡಿಯುವುದು ಎಲ್ಲದಕ್ಕೂ ಕೌಂಟಿಯ ಬೇರೆ ನಿಯಮ. (ಕೌಂಟಿ ಅಂದರೆ ನಮ್ಮ ಜಿಲ್ಲಾ ಪಂಚಾಯತಿನ ಹಾಗೆ ಅಂತಿಟ್ಟುಕೊಳ್ಳಿ.) ಮೂರು ಸಲ ಅಲೆದರಂತೆ. “ಜಾಗ ನನ್ನದು, ದುಡ್ಡು ನನ್ನದು, ಒಂದು ತೊಟ್ಟು ನೀರು ತೆಗೆಯುವುದಿಲ್ಲ. ಮತ್ತೆಂತ?” ನನಗೂ ಸರಿ ಅನ್ನಿಸಿತು. ಕಚೇರಿ ಅಂದರೆ ಕೃಷಿಕನಿಗೆ ಎಲ್ಲ ಕಡೆಯೂ ಒಂದೇ ನೋಡಿ.

ಪೈಪು ಇಳಿಸಿದ ಮೇಲೆ ಕಂಡದ್ದು ನನ್ನ ಅಭಿಪ್ರಾಯ ಬದಲಿಸಿತು. ತಳದ ವರೆಗೆ ಇನ್ನೊಂದು ಸಪೂರ ಪೈಪು ಬಿಟ್ಟು, ಬೆಂಟೊನೈಟ್ ಎಂಬ ಉಬ್ಬುವ ಜೇಡಿಯ ಗಂಜಿಯನ್ನು ಕೆಳಗಿಂದ ಮೇಲಕ್ಕೆ ತುಂಬಿಸುತ್ತಾ ಬಂದರು. ತೂತಿನ ಬಾಯಲ್ಲಿ ಗಂಜಿ ಉಕ್ಕುವ ವರೆಗೆ ನಿಲ್ಲಿಸಲಿಲ್ಲ. ಕಾರಣ ಕೇಳಿದೆ. ಮೇಲಿನ ಮಣ್ಣಿನಲ್ಲಿ ಕಕ್ಕಸು ಗುಂಡಿಯ ನೀರು, ಗೊಬ್ಬರದ ನೈಟ್ರೇಟು ಇರುತ್ತದೆ. ಕೆಳಗೆ ಜೇಡಿ ಪದರ, ಅದರಡಿಯಲ್ಲಿ ಊರವರು ಕುಡಿಯುವ ನೀರು. ತೂತು ಇವೆರಡನ್ನೂ ಜೋಡಿಸಿಬಿಡುತ್ತದೆ. ಮುಚ್ಚದಿದ್ದರೆ ಒಂದು ಮನೆ ಬೆಚ್ಚಗಾಗಲು ನೆರೆಕರೆಯ ಬಾವಿಗಳೆಲ್ಲ ಹಾಳು. ದ್ರವವೂ ಅಷ್ಟೇ. ಅವರು ಹಾಕಿದ್ದು ಪ್ರೊಪಿಲೀನ್ ಗ್ಲೈಕಾಲ್, ಕಾರಿನ ರೇಡಿಯೇಟರಿಗೆ ಹಾಕುವ ವಿಷದ ಎಥಿಲೀನ್ ಗ್ಲೈಕಾಲ್ ಅಲ್ಲ.

ಹಾಗಾಗಿ ಪರವಾನಿಗೆ ಬೇಕೇ ಬೇಕು ಅಂತ ನನ್ನ ಮತ. ಒಂದೇ ನಕ್ಷೆಯನ್ನು ಎರಡೆರಡು ಕಡೆ ಕೊಡುವ ಕರ್ಮ ಮಾತ್ರ ಬೇಡ. ಸಣ್ಣವನಿಗೆ ಹೋದ ದಿನವೂ ದುಡ್ಡೇ. ಇನ್ನೊಂದು ಕ್ರಮ ಉಂಟು, ಪೈಪಿನ ಸುರುಳಿಯನ್ನು ಕೆರೆಗೇ ಮುಳುಗಿಸುವುದು. ಕೊರೆಯುವ ಖರ್ಚು ಉಳಿಯುತ್ತದೆ. ಇದನ್ನು ಅಷ್ಟು ಸುಲಭದಲ್ಲಿ ಒಪ್ಪಬಾರದು. ಒಬ್ಬ ಹಾಕಿದರೆ ಕೆರೆಗೆ ಗೊತ್ತೂ ಆಗದು. ದಡದವರೆಲ್ಲ ಹಾಕಿದರೆ? ದೋಣಿಯ ಲಂಗರು ಸಿಕ್ಕಿ ಪೈಪು ಹರಿದರೆ ಯಾರ ಹೊಣೆ?

ನಮಗೆ ಶಾಖ ಬೇಡ. ಆದರೆ ತೂತುಗಳಿಗೇನೂ ಕಡಿಮೆಯಿಲ್ಲ! ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದು ಅಂತ ಕರ್ನಾಟಕದಲ್ಲಿ ಕಾಯಿದೆಯೇ ಉಂಟು. ಓದಿದವರು ಎಷ್ಟು ಮಂದಿ? ಬೋರಿನ ಗಾಡಿ ರಾತ್ರಿ ಬಂದು ಬೆಳಗಾಗುವಾಗ ಹೋಗಿರುತ್ತದೆ. ಕೇಸಿಂಗ್ ಪೈಪು ಗಟ್ಟಿಕಲ್ಲು ಸಿಗುವಲ್ಲಿಗೆ ಮುಗಿಯಿತು, ಅದರ ಸುತ್ತಲಿನ ಸೆರೆ ಹಾಗೇ ಬಾಯಿ ಬಿಟ್ಟುಕೊಂಡಿರುತ್ತದೆ. ನನ್ನ ತೋಟದ ಕೆರೆ ಏಪ್ರಿಲ್ ವರೆಗೂ ಬತ್ತಿದ್ದಿಲ್ಲ. ಮೇಲಿನ ಬದಿಗೆ 60 ಅಡಿ ದೂರದಲ್ಲಿ ಬೋರು ಬಂದ ಮರುವರ್ಷ ಫೆಬ್ರವರಿಗೇ ತಳ ಕಂಡಿತು. ಆ ಬೋರಿಗೆ ಕಿವಿ ಕೊಟ್ಟರೆ ಒಳಗೆ ನೀರು ಬೀಳುವ ಸದ್ದು ಕೇಳುತ್ತದೆ. ನನ್ನ ಕೆರೆಯದ್ದೇ ಅಂತ ಸಾಧಿಸಲಾರೆ. ನೆಂಟರು ಬೇರೆ, ಜಗಳಕ್ಕೆ ಹೋಗಲಿಲ್ಲ.

ಬರುವ ಗ್ರಾಮಸಭೆಯಲ್ಲಿ ಇಷ್ಟು ಕೇಳುವವನಿದ್ದೇನೆ. ಕೆರೆ, ಮದಕಗಳ ಬದಿಯಲ್ಲಿ ಬೋರು ಕೊರೆದರೆ ಕೇಸಿಂಗಿನ ಸುತ್ತ ಜೇಡಿಯೋ ಸಿಮೆಂಟೋ ತುಂಬಿಸಲೇಬೇಕು, ತುಂಬಿಸುವಾಗ ಪಂಚಾಯತಿನವರೊಬ್ಬರು ನಿಂತು ನೋಡಬೇಕು. ಕಾಗದ ಒಂದೇ ಸಾಕು. ನಿಮ್ಮ ಊರಲ್ಲಿ ಹೀಗೆ ಮಾಡಿಸಿದವರಿದ್ದರೆ, ಖರ್ಚು ಎಷ್ಟಾಯಿತು ಅಂತ ಪತ್ರಿಕೆಗೆ ಬರೆಯಿರಿ.